ಅಮೆರಿಕಾ ಮನೆಯ ಪಂಚಾಂಗ

ನಾನು ಬೆಳೆದ ಮನೆಯ ಬಾಗಿಲುಗಳು ನಮ್ಮ ಮೂವರಲ್ಲಿ ಯಾರ ಅಳತೆಗೂ ಮಾಡಿದವಲ್ಲ. ಅಪ್ಪ ಗಿಡ್ಡ ಆಳು, ಅಮ್ಮ ಅವನ ಕಿವಿಯವರೆಗೆ ಬರುತ್ತಿದ್ದಳು, ನಾನು ಇನ್ನೂ ಬೆಳೆಯಬೇಕಿತ್ತು. ಜಪಾನಿನ ಆ ಸಣ್ಣ ಊರಿನಲ್ಲಿ ನಮಗೆ ಸಿಕ್ಕಿದ್ದು ಮಾತ್ರ ಆರಡಿ ಮೀರಿದ ಗಂಡಸರಿಗೆಂದು ಕಟ್ಟಿದ ಮನೆ. ಅಡುಗೆಮನೆಯ ಕಟ್ಟೆ ಅಮ್ಮನ ಎದೆಮಟ್ಟಕ್ಕಿತ್ತು. ಒಗ್ಗರಣೆ ಹಾಕಬೇಕಾದರೆ ಅವಳು ಮಣೆ ಹತ್ತಿ ನಿಲ್ಲುತ್ತಿದ್ದಳು. ಆ ಮಣೆಯನ್ನು ಅಪ್ಪ ಕಾರ್ಖಾನೆಯ ಹಳೆ ಮರದ ಪೆಟ್ಟಿಗೆಯೊಂದನ್ನು ಒಡೆದು ತಾನೇ ಬಡಿದು ಮಾಡಿದ್ದ. ಅದರ ಒಂದು ಕಾಲು ಕೊನೆಯವರೆಗೂ ಕುಂಟುತ್ತಿತ್ತು, ಅಪ್ಪ ಕೊನೆಯವರೆಗೂ ಅದನ್ನು ನೆಲದ ತಪ್ಪು ಎನ್ನುತ್ತಿದ್ದ. ಸ್ನಾನದ ತೊಟ್ಟಿಯಲ್ಲಿ ಅವನು ಕಾಲು ಚಾಚಿ ಮಲಗಿದರೂ ಪಾದ ಆ ತುದಿಗೆ ಮುಟ್ಟುತ್ತಿರಲಿಲ್ಲ. ಶನಿವಾರದ ಎಣ್ಣೆ ನೀರಿನ ದಿನ ನಾನು ಆ ತೊಟ್ಟಿಯಲ್ಲಿ ಈಜುವ ಆಟ ಆಡುತ್ತಿದ್ದೆ. ಒಲೆಯ ಕೆಳಗೆ ಟ್ರಂಕಿನಷ್ಟು ದೊಡ್ಡ ಓವನ್ ಇತ್ತು. ಅದರಲ್ಲಿ ಏನು ಬೇಯಿಸುತ್ತಾರೆಂದು ಅಮ್ಮನಿಗೆ ಮೊದಲು ತಿಳಿದಿರಲಿಲ್ಲ, ತಿಳಿದ ಮೇಲೆ ಬೇಡವಾಯಿತು. ರವೆ, ತೊಗರಿಬೇಳೆ, ಅಜ್ಜಿ ಮೈಸೂರಿನಿಂದ ಕಳಿಸಿದ ಸಾರಿನ ಪುಡಿ ಎಲ್ಲ ಅದರೊಳಗೆ ಇರುತ್ತಿದ್ದವು. ಊರಿನವರು ಆ ಮನೆಯನ್ನು ಅಮೆರಿಕಾ ಮನೆ ಎನ್ನುತ್ತಿದ್ದರು. ನಾವು ಬಂದ ಮೇಲೂ ಹಾಗೆಯೇ ಎನ್ನುತ್ತಿದ್ದರು. ಕಾರ್ಖಾನೆಯಲ್ಲಿ ವಸತಿ ನೋಡಿಕೊಳ್ಳುತ್ತಿದ್ದ ಗುಮಾಸ್ತರ ಲೆಕ್ಕದಲ್ಲಿ ಅಪ್ಪ ಪರದೇಶದವನು, ಮನೆ ಪರದೇಶದವರದು. ಇನ್ನು ಯೋಚಿಸುವುದಕ್ಕೆ ಏನಿತ್ತು?

ಅದು ಕಾಗದದ ಊರು. ಹೊಳೆ ಇದ್ದುದರಿಂದ ಕಾರ್ಖಾನೆ ಬಂತು, ಕಾರ್ಖಾನೆ ಇದ್ದುದರಿಂದ ಊರು ಬಂತು ಎಂದು ಶಾಲೆಯಲ್ಲಿ ಕಲಿಸುತ್ತಿದ್ದರು. ಮೊದಮೊದಲು ಹುಲ್ಲು, ಹಳೆ ಬಟ್ಟೆ ಕುದಿಸಿ ಕಾಗದ ಮಾಡುತ್ತಿದ್ದರಂತೆ. ಚಿಂದಿ ಆರಿಸಲು ಸುತ್ತಲಿನ ಹಳ್ಳಿಗಳ ಹೆಂಗಸರು ಬಂದರು, ಅವರಿಗೆ ಸಾಲುಮನೆ ಕಟ್ಟಿದರು, ಸಾಲುಮನೆಯವರಿಗೆ ಒಂದು ಸಾರ್ವಜನಿಕ ಸ್ನಾನಗೃಹ, ಸ್ನಾನಗೃಹದಿಂದ ಹೊರಬಂದವರಿಗೆ ಎದುರಿಗೊಂದು ನೂಡಲ್ ಅಂಗಡಿ, ಹೀಗೆ ಊರು ತನ್ನಷ್ಟಕ್ಕೆ ಹಬ್ಬಿತು. ಯುದ್ಧ ಮುಗಿದು ಪತ್ರಿಕೆಗಳು ಒಂದರ ಹಿಂದೊಂದು ಹುಟ್ಟಿಕೊಂಡಾಗ ಇದ್ದ ಯಂತ್ರಗಳು ಸಾಲದೆ, ಅಮೆರಿಕದ ಆಶ್‌ಬಿ ಫಾಲ್ಸ್ ಎಂಬ ಇನ್ನೊಂದು ಕಾಗದದ ಊರಿನಿಂದ ದೊಡ್ಡ ಯಂತ್ರವೊಂದನ್ನು ಹಡಗಿನಲ್ಲಿ ತರಿಸಿದರು. ಅದನ್ನು ಜೋಡಿಸಲು ಆ ಊರಿನ ಫಿಟ್ಟರುಗಳೂ ಬಂದರು. ಅವರು ಇರಲೆಂದು ಸಾಲುಮನೆಗಳ ಕೊನೆಯಲ್ಲಿ ಕಟ್ಟಿದ್ದೇ ನಮ್ಮ ಮನೆ. ಆ ಯಂತ್ರಕ್ಕೆ ಮೂರನೇ ಯಂತ್ರ ಎಂದು ಹೆಸರು. ಎರಡೂ ಊರುಗಳು ಸೋದರ ನಗರಗಳೆಂದು ಘೋಷಿಸಿಕೊಂಡು, ನಮ್ಮ ರೈಲು ನಿಲ್ದಾಣದ ಮುಂದೆ ಜಲಪಾತದ ಚಿತ್ರವಿದ್ದ ಫಲಕ ನಿಲ್ಲಿಸಿದ್ದರು. ಅಮೆರಿಕ ಎಂದರೆ ಒಂದು ಜಲಪಾತ ಮತ್ತು ಎತ್ತರದ ಬಾಗಿಲು ಎಂದು ನಾನು ಬಹಳ ಕಾಲ ತಿಳಿದಿದ್ದೆ. ನಾವು ಜಪಾನಿನ ಆ ಊರಿಗೆ ಬರುವ ಹೊತ್ತಿಗೆ ಆಶ್‌ಬಿ ಫಾಲ್ಸಿನ ಕಾರ್ಖಾನೆ ಮುಚ್ಚಿ ವರ್ಷಗಳಾಗಿದ್ದವು. ಫಲಕ ಬದಲಾಗಿರಲಿಲ್ಲ.

ಊರಿಗೆ ಬೇಯಿಸಿ ಮರೆತ ಕೋಸಿನ ವಾಸನೆ ಇತ್ತು. ಹೊಸಬರು ಮೂಗು ಮುಚ್ಚಿಕೊಂಡರೆ ಊರಿನವರು ಅದು ಸಂಬಳದ ವಾಸನೆ ಎಂದು ನಗುತ್ತಿದ್ದರು. ಪಾಳಿಯ ಸೈರನ್ನಿಗೆ ಅಂಗಡಿ ತೆರೆಯುತ್ತಿತ್ತು, ಸೈರನ್ನಿಗೆ ಮಕ್ಕಳು ಮನೆ ಸೇರುತ್ತಿದ್ದರು. ಗಾಳಿ ಚಿಮಣಿಯ ಕಡೆಯಿಂದ ಬೀಸಿದ ದಿನ ಯಾರೂ ಬಟ್ಟೆ ಹೊರಗೆ ಹಾಕುತ್ತಿರಲಿಲ್ಲ. ಒಮ್ಮೆ ಹಾಕಿದ ಅಮ್ಮ ಅಪ್ಪನ ಬಿಳಿ ಅಂಗಿಯನ್ನು ಮತ್ತೆರಡು ಸಲ ಒಗೆದು, ಆ ಮೇಲೆ ನೆರೆಮನೆಯ ಹಗ್ಗ ನೋಡಿಕೊಂಡೇ ಬಟ್ಟೆ ಒಣಹಾಕುವುದನ್ನು ಕಲಿತಳು. ದೊಡ್ಡ ಕಾರ್ಖಾನೆ ಬಿಸಾಡಿದ ಕಾಗದವನ್ನು ಅರೆದು ಟಾಯ್ಲೆಟ್ ಪೇಪರ್ ಮಾಡುವ ಸಣ್ಣ ಶೆಡ್ಡುಗಳು ಕೇರಿ ಕೇರಿಯಲ್ಲೂ ಇದ್ದವು. ಹೀಗಾಗಿ ಆ ಊರಿನಲ್ಲಿ ಮದುವೆಗಾಗಲಿ, ಮಗು ಹುಟ್ಟಿದ್ದಕ್ಕಾಗಲಿ, ಹೊಸ ಬಾಡಿಗೆದಾರರು ಬಂದದ್ದಕ್ಕಾಗಲಿ, ರಿಬ್ಬನ್ ಕಟ್ಟಿದ ಟಾಯ್ಲೆಟ್ ಪೇಪರ್ ಸುರುಳಿಗಳು ಮರ್ಯಾದೆಯ ಉಡುಗೊರೆಯಾಗಿ ಬರುತ್ತಿದ್ದವು.

ಅಮ್ಮನ ಮನೆವಾರ್ತೆಗೆ ಆಧಾರ ಒಂದು ಕ್ಯಾಲೆಂಡರು. ಅಜ್ಜಿ ಪ್ರತಿ ವರ್ಷ ಸಾರಿನ ಪುಡಿಯ ಜೊತೆ ಸುರುಳಿ ಸುತ್ತಿ ಕಳಿಸುತ್ತಿದ್ದ, ತಿಥಿ, ನಕ್ಷತ್ರ, ರಾಹುಕಾಲ ಎಲ್ಲ ಇದ್ದ ಪಂಚಾಂಗದ ಕ್ಯಾಲೆಂಡರು. ಅದು ಅಡುಗೆಮನೆಯ ಎತ್ತರದ ಬಾಗಿಲಿನ ಪಕ್ಕದಲ್ಲಿ ತೂಗುತ್ತಿತ್ತು. ಅಮ್ಮ ತೋರಿಕೆಗೆ ನಂಬುವವಳಲ್ಲ, ನಿಜವಾಗಿ ನಂಬುವವಳು. ಅಮಾವಾಸ್ಯೆಯ ದಿನ ಅವಳು ಒಂದು ಪೊರಕೆಯನ್ನೂ ಕೊಳ್ಳುತ್ತಿರಲಿಲ್ಲ. ಸೋಮವಾರ ರಾಹುಕಾಲ ಶುರುವಾಗುವುದರೊಳಗೆ ಅಪ್ಪ ಹೊಸ್ತಿಲು ದಾಟಬೇಕಿತ್ತು. ತಡವಾದರೆ ಚಪ್ಪಲಿಯನ್ನಾದರೂ ಮೊದಲೇ ಹೊರಗಿಡುತ್ತಿದ್ದಳು. ಅಪ್ಪ ಮೈಸೂರಿನಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿ, ಜಪಾನಿನ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮುಗಿಸಿ, ಕಾರ್ಖಾನೆಯ ಪ್ರಯೋಗಾಲಯಕ್ಕೆ ಸೇರಿದ್ದವನು. ಅವನಿಗೆ ಇದೊಂದು ತಮಾಷೆ. ವಾರಕ್ಕೊಮ್ಮೆಯಾದರೂ ಈ ಜಗಳ ನಡೆಯಲೇಬೇಕು:

“ಬೆಂಗ್ಳೂರಲ್ಲಿ ಏಳೂವರೆ ಅಂದ್ರೆ ಇಲ್ಲಿ ಹನ್ನೊಂದು ಗಂಟೆ ಕಣೇ ವಸು. ನಿನ್ನ ರಾಹು ಇನ್ನೂ ಫ್ಲೈಟಲ್ಲಿದಾನೆ.”

“ಸೂರ್ಯ ಹುಟ್ಟಿದ್ದರ ಮೇಲೆ ಲೆಕ್ಕ ರೀ. ಸೂರ್ಯ ಮೊದ್ಲು ಇಲ್ಲೇ ತಾನೇ ಹುಟ್ಟೋದು? ರಾಹೂನೂ ಮೊದ್ಲು ಇಲ್ಲಿಗೇ ಬರ್ತಾನೆ. ನೀವು ಸುಮ್ನೆ ತಿಂಡಿ ತಿನ್ನಿ.”

ನಮ್ಮ ಪಕ್ಕದ ಮನೆಯಲ್ಲಿದ್ದವರು ಹಿರಾನೋ ಸಾನ್; ಸಾನ್ ಎಂದರೆ ಅಲ್ಲಿಯವರ ಗೌರವದ ‘ಅವರು’. ಗಂಡ ಮೂರನೇ ಯಂತ್ರದ ಮೇಲೆ ಕೆಲಸ ಮಾಡಿ, ನಿವೃತ್ತಿಗೆ ಮೊದಲೇ ತೀರಿಕೊಂಡಿದ್ದರು. ಆ ಮೇಲೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಸೂಪು ಬಡಿಸುವ ಕೆಲಸಕ್ಕೆ ಸೇರಿ, ಅದೇ ಸಾಲುಮನೆಯಲ್ಲಿ ಒಬ್ಬರೇ ಉಳಿದಿದ್ದರು. ಸಣ್ಣ ಹೆಂಗಸು, ನಡಿಗೆ ಮಾತ್ರ ದೊಡ್ಡದು. ನಾವು ಬಂದ ಹೊಸದರಲ್ಲಿ ಅಮ್ಮ ಚಕ್ಕುಲಿ ಕರಿದು ಸ್ಟೀಲಿನ ಡಬ್ಬಿಯಲ್ಲಿ ತುಂಬಿ ಅವರಿಗೆ ಕೊಟ್ಟಳು. ಡಬ್ಬಿ ಅಜ್ಜಿಯದು, ಪಾತ್ರೆ ಅಂಗಡಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಕುಟ್ಟಿಸಿದ ಸೀತಮ್ಮ ಎಂಬ ಹೆಸರು ಮುಚ್ಚಳದ ಮೇಲಿತ್ತು. ಎರಡು ದಿನಕ್ಕೆ ಡಬ್ಬಿ ತೊಳೆದು ಹೊಳೆಯುತ್ತ ವಾಪಸು ಬಂತು, ಒಳಗೆ ರಿಬ್ಬನ್ ಕಟ್ಟಿದ ಟಾಯ್ಲೆಟ್ ಪೇಪರ್ ಸುರುಳಿ. ಅಮ್ಮ ಬಾಗಿಲಲ್ಲಿ ನಗುತ್ತಲೇ ತೆಗೆದುಕೊಂಡು, ಒಳಗೆ ಬಂದು ಡಬ್ಬಿಯನ್ನು ಹುಣಿಸೆಹಣ್ಣು ಹಾಕಿ ಉಜ್ಜಿದಳು. ಉಜ್ಜಿದ ಮೇಲೆ ಲೆಕ್ಕ ಬಾಕಿ ಉಳಿಯಿತು. ಕೊಟ್ಟದ್ದಕ್ಕೆ ಪ್ರತಿಯಾಗಿ ಕೊಡದಿದ್ದರೆ ಜಪಾನಿನವರಿಗೆ ನಿದ್ದೆ ಬರುವುದಿಲ್ಲ, ಬಂದ ಪಾತ್ರೆಯನ್ನು ಖಾಲಿ ಕಳಿಸಿದರೆ ನಮ್ಮವರಿಗೆ ಬರುವುದಿಲ್ಲ. ಅಮ್ಮ ಪ್ರತಿಯಾಗಿ ಕೊಟ್ಟದ್ದಕ್ಕೂ ಪ್ರತಿ ಕೊಟ್ಟಳು. ಎರಡೂ ಕಡೆ ನಿಲ್ಲಿಸುವ ದಾರಿ ಯಾರಿಗೂ ತಿಳಿಯದೆ ಆ ಡಬ್ಬಿ ವರ್ಷಗಟ್ಟಲೆ ಎರಡು ಮನೆಗಳ ನಡುವೆ ಓಡಾಡಿತು. ಒಮ್ಮೆ ಮೀನಿನ ಸಾರದಲ್ಲಿ ಬೇಯಿಸಿದ ಮೂಲಂಗಿ ಬಂದು ಮನೆಯಲ್ಲಿ ದೊಡ್ಡ ರಗಳೆಯಾಯಿತು. ಅಮ್ಮ ಫೋನ್ ಮಾಡಿ ಕೇಳಿದರೆ ಅಜ್ಜಿ, “ಅವ್ಳಿಗೆ ಗೊತ್ತಿಲ್ಲ, ನಿನಗೆ ಗೊತ್ತಿದೆ, ತೊಳೆದು ಇಟ್ಕೋ, ಅದಕ್ಕೇನು,” ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ನಾನು ಹೋಗಿ ಹಿರಾನೋ ಸಾನ್‌ಗೆ ವಿಷಯ ಹೇಳಿದೆ. ಅವರು ಮಂಡಿಯೂರಿ ಕ್ಷಮೆ ಕೇಳಿದರು, ಅಂದಿನಿಂದ ಆ ಡಬ್ಬಿಗೆ ಹಾಕುವುದನ್ನೆಲ್ಲ ಕಡಲಪಾಚಿಯ ನೀರಿನಲ್ಲೇ ಬೇಯಿಸಿದರು.

ನಾನು ಹೇಳಿದೆ ಎಂದೆನಲ್ಲ, ಅದು ಆ ಮನೆಯಲ್ಲಿ ನನ್ನ ಕೆಲಸ. ಅಮ್ಮನಿಗೆ ಬರುತ್ತಿದ್ದದ್ದು ಕ್ಷಮೆ ಕೇಳುವ ಸುಮಿಮಾಸೆನ್, ವಂದನೆ ಹೇಳುವ ಅರಿಗಾತೋ, ಮತ್ತೆ ತರಕಾರಿಗಳ ಹೆಸರು. ಹಿರಾನೋ ಸಾನ್‌ಗೆ ಕನ್ನಡದಲ್ಲಿ ‘ಸಾಕು’ ಎಂಬ ಒಂದೇ ಪದ ಬರುತ್ತಿತ್ತು, ಅದನ್ನು ಅಮ್ಮ ಬಡಿಸುವಾಗ ಅವರು ತಪ್ಪದೆ ಹೇಳುತ್ತಿದ್ದರು. ಉಳಿದ ಮಾತೆಲ್ಲ ನನ್ನ ಮೂಲಕ ಹಾದು ಹೋಗಬೇಕಿತ್ತು. ಅವರ ಮಾತುಗಳನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆಗಲೂ ಅಮ್ಮನ ಕಿವಿಗೆ ಅವು ನನ್ನ ಅರೆಬರೆ ಕನ್ನಡದಲ್ಲೇ ಬಿದ್ದದ್ದು. ಇಬ್ಬರು ದೊಡ್ಡವರ ನಡುವೆ ಕೂತು, ಒಬ್ಬರ ಮಾತಿಗೆ ನನ್ನದೇನನ್ನೂ ಸೇರಿಸದೆ, ನನಗೆ ಅನಿಸಿದ್ದನ್ನು ಮುಖದಲ್ಲಿ ತೋರಿಸದೆ, ಇನ್ನೊಬ್ಬರಿಗೆ ದಾಟಿಸುವುದು ನನಗೆ ಆ ಮನೆಯಲ್ಲಿ ಅಭ್ಯಾಸವಾಯಿತು. ಈಗ ಟೋಕಿಯೊದ ಆಸ್ಪತ್ರೆಗಳಲ್ಲಿ ದುಭಾಷಿಯಾಗಿ ನಾನು ಮಾಡುತ್ತಿರುವುದೂ ಅದನ್ನೇ. ನನ್ನನ್ನು ತಣ್ಣನೆಯ ಹೆಂಗಸು ಎನ್ನುವವರಿದ್ದಾರೆ, ಅವರು ಹೇಳುವುದರಲ್ಲಿ ತಪ್ಪಿಲ್ಲ.

ಹಿರಾನೋ ಸಾನ್ ಊರಿನ ಕಥೆ ಹೇಳುತ್ತಿದ್ದದ್ದು ನಮ್ಮ ಹಿತ್ತಿಲ ಮೆಟ್ಟಿಲ ಮೇಲೆ, ಅಮ್ಮ ಸೊಪ್ಪು ಬಿಡಿಸುತ್ತಿದ್ದಾಗ. ತಾವೂ ಒಂದು ಕಟ್ಟು ಎಳೆದುಕೊಂಡು ಬಿಡಿಸುತ್ತ ಹೇಳುತ್ತಿದ್ದರು. ಅವರ ಗಂಡ ಕೆಲಸ ಕಲಿತದ್ದೇ ಆ ಅಮೆರಿಕದ ಫಿಟ್ಟರುಗಳಿಂದ. ಅವರಲ್ಲಿ ಒಬ್ಬಾತ ನಮ್ಮ ಓವನ್ನಿನಲ್ಲಿ ಸೇಬಿನ ಕಡುಬಿನಂಥದ್ದೇನನ್ನೋ ಮಾಡಿ ಕೇರಿಗೆಲ್ಲ ಹಂಚಿದ್ದನಂತೆ, ಊರಿಗೆ ಹೋದ ಮೇಲೂ ಹೊಸವರ್ಷಕ್ಕೆ ಕಾರ್ಡು ಹಾಕುತ್ತಿದ್ದನಂತೆ. ಅವನ ಕಾರ್ಖಾನೆ ಮುಚ್ಚಿದ ಮೇಲೆ ಕಾರ್ಡು ಬರಲಿಲ್ಲ.

“ಅಲ್ಲಿಯ ಯಂತ್ರಗಳೆಲ್ಲ ಗುಜರಿಗೆ ಹೋದವಂತೆ. ಇಲ್ಲಿಗೆ ಬಂದದ್ದು ಒಂದೇ ಉಳಿಯಿತು,” ಎಂದು ಹಿರಾನೋ ಸಾನ್ ಹೇಳುತ್ತಿದ್ದರು. “ಪುಣ್ಯ ಮಾಡಿತ್ತು.”

ನನಗೆ ಒಂಬತ್ತು ತುಂಬಿದ ಚಳಿಗಾಲದಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಅಮ್ಮ ಮಣೆಯ ಮೇಲೆ ನಿಂತು ದೋಸೆ ಹುಯ್ಯುತ್ತಿದ್ದಾಗ ಅಪ್ಪ ತಟ್ಟೆಯಿಂದ ತಲೆ ಎತ್ತದೆ ಹೇಳಿದ:

“ಮೂರನೇ ಯಂತ್ರ ನಿಲ್ಲಿಸ್ತಾರೆ, ವಸು. ಮಾರ್ಚಲ್ಲಿ ಅನೌನ್ಸ್ ಮಾಡ್ತಾರೆ. ನನ್ನನ್ನ ಕಾವಾಸಾಕಿ ಊರಿನ ಆಫೀಸಿಗೆ ಹಾಕ್ತಾರಂತೆ.”

“ಈ ಮನೆಗಳು?”

“ಸಾಲಿಗೆ ಸಾಲೇ ಕೆಡವಿ ಜಾಗ ಮಾರ್ತಾರೆ.”

“ಹಿರಾನೋ ಸಾನ್‌ಗೆ ಹೇಳ್ಬೇಕಲ್ರೀ!”

“ಏನ್ ಹೇಳ್ತೀಯಾ? ಗೊತ್ತಿರೋರೇ ನಾಲ್ಕೈದು ಜನ. ಯಾರಿಗೂ ಹೇಳಲ್ಲ ಅಂತ ಸೈನ್ ಹಾಕಿ ಬಂದಿದೀನಿ. ಮಾತು ಲೀಕ್ ಆದ್ರೆ ಮೊದ್ಲು ತಿರುಗಿ ನೋಡೋದು ನನ್ನ ಮುಖಾನೇ. ಕೆಲ್ಸ ಹೋದ್ರೆ ವೀಸಾನೂ ಹೋಯ್ತು. ಈ ಮಾತು ಮನೆ ಬಿಟ್ಟು ಆಚೆ ಹೋಗ್ಬಾರ್ದು.”

ಕೊನೆಯ ವಾಕ್ಯ ಹೇಳುವಾಗ ಅಪ್ಪ ನನ್ನನ್ನೂ ನೋಡಿದ. ಅಪ್ಪ ಕಲ್ಲೆದೆಯವನಲ್ಲ. ಆ ಯಂತ್ರ ಇನ್ನೆಷ್ಟು ದಿನ ಓಡಬಲ್ಲದೆಂದು ಪರೀಕ್ಷೆ ಮಾಡಿಸಿದ್ದು ಅವನ ಕೈಯಲ್ಲೇ, ಇನ್ನೂ ಓಡಬಲ್ಲದೆಂದು ಅವನು ಬರೆದುಕೊಟ್ಟಿದ್ದ. ಜನ ಪತ್ರಿಕೆ ಕೊಳ್ಳುವುದನ್ನು ಬಿಟ್ಟ ಮೇಲೆ ಯಂತ್ರ ಓಡಿ ಏನು ಮಾಡಬೇಕು? ಅವನ ತಟ್ಟೆಯಲ್ಲಿ ದೋಸೆ ತಣ್ಣಗಾಗಿತ್ತು, ಅಮ್ಮ ಅದನ್ನು ಎತ್ತಿ ಬಿಸಿಯದು ಹಾಕಿದಳು.

ವರ್ಷದ ಕೊನೆಯಲ್ಲಿ ಅಲ್ಲಿ ಎಲ್ಲರೂ ಮನೆ ತೊಳೆಯುತ್ತಾರೆ. ಜಾರುಬಾಗಿಲುಗಳಿಗೆ ಅಂಟಿಸಿದ ತೆಳುಗಾಗದವನ್ನು ಕಿತ್ತು ಹೊಸದು ಅಂಟಿಸುತ್ತಾರೆ. ಕೀಳುವ ಮೊದಲು ಹಳೆಯದನ್ನು ಬೆರಳಿನಿಂದ ತೂತು ಮಾಡಲು ಮಕ್ಕಳನ್ನು ಬಿಡುತ್ತಾರೆ. ವರ್ಷವಿಡೀ ಮುಟ್ಟಬೇಡ ಎಂದದ್ದನ್ನು ಆ ಒಂದು ದಿನ ಹರಿಯಬಹುದು. ನಾನು ಹಿರಾನೋ ಸಾನ್ ಮನೆಯಲ್ಲಿ ಮನಸಾರೆ ತೂತು ಮಾಡುತ್ತಿದ್ದೆ, ಅಮ್ಮ ಅಂಟು ಕಲಸುತ್ತಿದ್ದಳು. ಹಿರಾನೋ ಸಾನ್ ನೆಲಕ್ಕೆ ಹಾಸಿದ್ದ ತತಾಮಿಯನ್ನು ತೋರಿಸಿದರು. ಹುಲ್ಲು ನೇಯ್ದ ದಪ್ಪ ಚಾಪೆಗಳು ಅವು. ಹಳದಿಗಟ್ಟಿ, ಅಂಚು ಸವೆದು, ಒಂದು ಮೂಲೆಯಲ್ಲಿ ಗಂಡನ ಸಿಗರೇಟು ಸುಟ್ಟ ಗುರುತು ಕೂಡ ಹಾಗೇ ಇತ್ತು.

“ಇವನ್ನೂ ಬದಲಾಯಿಸಬೇಕು ಅಂತಿದ್ದೀನಿ. ಹಿಮ ಬೀಳುವ ಊರಿನಲ್ಲಿ ನನ್ನ ತಂಗಿ ಇದ್ದಾಳಲ್ಲ, ನಮ್ಮ ಮನೆಗೆ ಬಂದುಬಿಡು, ಒಂದು ಕೋಣೆ ಖಾಲಿ ಇದೆ ಅಂತಾಳೆ. ಈ ಚಳಿಗಾಲದಲ್ಲಿ ಹೇಳದಿದ್ದರೆ ಕೋಣೆ ಸೊಸೆಗೆ ಕೊಡ್ತಾಳಂತೆ. ಕೊಡಲಿ. ನಾನು ಇಲ್ಲೇ ಹೊಸ ತತಾಮಿ ಹಾಕ್ಕೊಂಡು ಇರ್ತೀನಿ. ಚಾಪೆಯವರಿಗೆ ಹೇಳಿಯಾಯ್ತು.”

ನಾನು ಅದನ್ನು ಅಮ್ಮನಿಗೆ ಹೇಳಿದೆ. ಅಮ್ಮನ ಕೈ ಅಂಟಿನ ಬಟ್ಟಲಲ್ಲಿ ನಿಂತಿತು. ಹೇಳುವಂತಿಲ್ಲ, ಹೇಳದೆ ಇದ್ದರೆ ಈ ಹೆಂಗಸು ಕೆಡವುವ ಮನೆಗೆ ಚಾಪೆ ಹಾಸಿ, ಇರುವ ಒಂದು ಕೋಣೆಯನ್ನೂ ಕಳೆದುಕೊಳ್ಳುತ್ತಾಳೆ. ಅಮ್ಮ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

“ಈಗ ಧನುರ್ಮಾಸ ಅಂತ ಹೇಳು ಪುಟ್ಟಿ. ಶೂನ್ಯಮಾಸ. ಮನೆಗೆ ಹೊಸದೇನೂ ಹಾಕ್ಸಬಾರ್ದು ಅನ್ನು. ತಂಗಿಗೂ ಈಗ್ಲೇ ಬೇಡ ಅನ್ನೋದ್ ಬೇಡ. ಇಂಥ ತಿಂಗಳಲ್ಲಿ ಯಾವ ಮಾತನ್ನೂ ಮುರೀಬಾರ್ದು.”

ಮೊದಲ ಅರ್ಧ ನಿಜ. ಧನುರ್ಮಾಸವೇ ಅದು, ಅಮ್ಮ ಬೆಳಗಾಗುವ ಮೊದಲೇ ಎದ್ದು ಹುಗ್ಗಿ ಮಾಡಿ ಡಬ್ಬಿಯಲ್ಲಿ ಕಳಿಸುತ್ತಲೂ ಇದ್ದಳು. ಎರಡನೆಯ ಅರ್ಧವನ್ನು ಅವಳು ಆ ಕ್ಷಣದಲ್ಲಿ ಹುಟ್ಟಿಸಿದ್ದೆಂದು ನನಗೆ ಗೊತ್ತಾಯಿತು, ದಾಟಿಸಿದೆ. ಹಿರಾನೋ ಸಾನ್ ನಗಲಿಲ್ಲ. ಒಳ್ಳೆಯ ದಿನ, ಕೆಟ್ಟ ದಿನ ಎಂಬುದು ಅವರಲ್ಲೂ ಉಂಟು. ಅಕ್ಕಿ ಅಂಗಡಿಯವರು ಕೊಟ್ಟ ಅವರ ಕ್ಯಾಲೆಂಡರಿನಲ್ಲಿ ಪ್ರತಿ ದಿನದ ಕೆಳಗೂ ಸಣ್ಣ ಅಕ್ಷರದಲ್ಲಿ ಅದರ ಗುಣ ಬರೆದಿರುತ್ತಿತ್ತು: ತಾಯಾನ್ ಎಂದರೆ ಎಲ್ಲಕ್ಕೂ ಒಳ್ಳೆಯದು, ಬುತ್ಸುಮೆತ್ಸು ಎಂದರೆ ಯಾವುದಕ್ಕೂ ಆಗದು. ಅವರು ಗಂಭೀರವಾಗಿ ತಲೆಯಾಡಿಸಿ, ಹಾಗಾದರೆ ತಿಂಗಳು ಕಳೆಯಲಿ ಎಂದರು.

ಸಂಕ್ರಾಂತಿ ಕಳೆಯಿತು. ಎಳ್ಳು ಬೆಲ್ಲ ಹೋದ ಡಬ್ಬಿಯಲ್ಲಿ ಸಿಹಿಗುಂಬಳದ ಪಲ್ಯದಂಥದ್ದು ಬಂತು, ಡಬ್ಬಿಯ ಜೊತೆ ಕ್ಯಾಲೆಂಡರೂ ಬಂತು. ಹಿರಾನೋ ಸಾನ್ ಒಂದು ತಾಯಾನ್ ದಿನದ ಮೇಲೆ ಬೆರಳಿಟ್ಟರು. ಅಮ್ಮ ಮಣೆ ಹತ್ತಿ ತನ್ನ ಕ್ಯಾಲೆಂಡರ್ ನೋಡಿ, ಅದು ಭರಣಿ ನಕ್ಷತ್ರ, ಬೇಡ ಎಂದಳು. ಮುಂದಿನ ವಾರ ಇನ್ನೊಂದು ದಿನ, ಅದು ನವಮಿ. ಮತ್ತೊಂದು ಮಂಗಳವಾರ ಬಿತ್ತು. ಇನ್ನೊಂದು ದಿನ ಎಲ್ಲ ಸರಿಯಿತ್ತು, ತಿಥಿಯೂ ನಕ್ಷತ್ರವೂ ವಾರವೂ. ಅಮ್ಮ ಬಹಳ ಹೊತ್ತು ಹುಡುಕಿ ಕೊನೆಗೆ, “ಹಿರಾನೋ ಸಾನ್ ರಾಶಿಗೆ ಆಗಲ್ಲ ಅನ್ನು,” ಎಂದಳು. ಅವರ ರಾಶಿ ಯಾವುದೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಹಿರಾನೋ ಸಾನ್ ಹೋದ ಮೇಲೆ ಅವಳು ದೇವರ ಮುಂದೆ ನಿಂತು ಕೆನ್ನೆ ಕೆನ್ನೆ ಬಡಿದುಕೊಳ್ಳುವುದನ್ನು ನೋಡಿದೆ. ಅವಳಿಗೆ ಪಂಚಾಂಗದಲ್ಲಿ ಸುಳ್ಳು ಹೇಳುವುದೆಂದರೆ ತಾಯಿಯ ಹೆಸರಿನಲ್ಲಿ ಸುಳ್ಳು ಹೇಳಿದ ಹಾಗೆ. ಅಪ್ಪ ಆ ಚಳಿಗಾಲ ಪೂರ್ತಿ ರಾಹುಕಾಲದ ತಮಾಷೆ ಮಾಡಲಿಲ್ಲ. ಸೋಮವಾರಗಳಲ್ಲಿ ಏಳೂವರೆಗೆ ಮೊದಲೇ, ತಾನಾಗಿಯೇ, ಹೊಸ್ತಿಲು ದಾಟುತ್ತಿದ್ದ.

ಮಾರ್ಚಿನಲ್ಲಿ ಸುದ್ದಿ ಹೊರಬಿತ್ತು. ಮಧ್ಯಾಹ್ನದ ಟೀವಿಯಲ್ಲಿ ನಮ್ಮ ಚಿಮಣಿಯನ್ನೇ ತೋರಿಸಿದರು. ನೂಡಲ್ ಅಂಗಡಿಯವರು ಅಂಗಡಿಯ ಮುಂದೆ ಬಂದು ನಿಂತು, ಅದೇ ಚಿಮಣಿಯನ್ನು ನೋಡುತ್ತಿದ್ದರು, ಟೀವಿಯಲ್ಲಿ ಕಂಡದ್ದು ಹೌದೋ ಅಲ್ಲವೋ ಎಂದು ಹೋಲಿಸುವವರಂತೆ. ಸೈರನ್ ಎಂದಿನ ಹಾಗೆ ಕೂಗಿತು. ಆ ದಿನ ಡಬ್ಬಿ ನಮ್ಮ ಮನೆಯಲ್ಲಿತ್ತು, ಕಳಿಸುವ ಸರದಿ ಅಮ್ಮನದು. ಅವಳು ಅದನ್ನು ತೊಳೆದು, ಒರೆಸಿ, ಕಟ್ಟೆಯ ಮೇಲಿಟ್ಟಳು. ಮರುದಿನವೂ ಅದು ಅಲ್ಲೇ ಇತ್ತು, ವಾರ ಕಳೆದರೂ ಅಲ್ಲೇ ಇತ್ತು. ಅದರಲ್ಲಿ ಏನು ತುಂಬಿ ಕಳಿಸಬೇಕೆಂದು ಅಮ್ಮನಿಗೆ ತಿಳಿಯಲಿಲ್ಲ. ಬಟ್ಟೆ ಒಣಹಾಕಲೂ ಅವಳು ಹಿತ್ತಿಲಿಗೆ ಹೋಗುತ್ತಿರಲಿಲ್ಲ, ಮನೆಯೊಳಗೇ ಹಗ್ಗ ಕಟ್ಟಿದಳು.

ಕೊನೆಗೆ ಹಿರಾನೋ ಸಾನ್ ತಾವೇ ಬಂದರು, ಸರದಿಯಿಲ್ಲದಿದ್ದರೂ, ಕೈಯಲ್ಲಿ ಏನೂ ಇಲ್ಲದೆ, ಕಂಕುಳಲ್ಲಿ ಕ್ಯಾಲೆಂಡರ್ ಮಾತ್ರ ಇಟ್ಟುಕೊಂಡು. ಅಮ್ಮ ಅವರನ್ನು ನೋಡಿದವಳೇ “ಸುಮಿಮಾಸೆನ್, ಸುಮಿಮಾಸೆನ್,” ಎಂದು ಬಗ್ಗಿ ನಿಂತುಬಿಟ್ಟಳು, ಏಳಲಿಲ್ಲ. ಹಿರಾನೋ ಸಾನ್ ಅವಳ ಹೆಗಲು ಹಿಡಿದು ಎತ್ತಿದರು. ಅವರು ಅಮ್ಮನನ್ನು ಮುಟ್ಟಿದ್ದು ಅದೇ ಮೊದಲು. ಆ ಮೇಲೆ ನನಗೆ, ಒಂದೊಂದೇ ವಾಕ್ಯ ನಿಲ್ಲಿಸಿ, ನಾನು ದಾಟಿಸುವವರೆಗೂ ಕಾದು, ಹೇಳಿದರು.

“ನನಗೆ ಜನವರಿಯಲ್ಲೇ ತಿಳಿಯಿತು ಅಂತ ಅಮ್ಮನಿಗೆ ಹೇಳು. ಯಾವ ದೇಶದ ಕ್ಯಾಲೆಂಡರಲ್ಲೂ ಅಷ್ಟೊಂದು ಕೆಟ್ಟ ದಿನ ಇರಲ್ಲ. ಅವತ್ತೇ ತಂಗಿಗೆ ಫೋನ್ ಮಾಡಿ, ಆ ಕೋಣೆ ನನಗೆ ಇಡು ಅಂದೆ. ಕಾರ್ಖಾನೆಯಲ್ಲಿ ಎಲ್ಲರೂ ಎಲ್ಲ ಸರಿಯಿದೆ ಅಂತಿದ್ದರು. ನಿಜ ಹೇಳಿದ್ದು ನಿಮ್ಮ ಪಂಚಾಂಗ ಒಂದೇ.”

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

“ಗೊತ್ತಿದ್ದೂ ಮತ್ಯಾಕೆ ವಾರ ವಾರ ಬಂದು ದಿನ ಕೇಳ್ತಿದ್ರು? ಕೇಳು ಪುಟ್ಟಿ.”

ಹಿರಾನೋ ಸಾನ್ ನನ್ನನ್ನು ಬಿಟ್ಟು ಅಮ್ಮನನ್ನೇ ನೋಡುತ್ತ ಉತ್ತರ ಹೇಳಿದರು.

“ಯಾವುದಾದರೂ ಒಂದು ದಿನಕ್ಕೆ ನೀವು ಆಗಬಹುದು ಅಂದಿದ್ದರೆ, ಯಂತ್ರ ಉಳಿಯಿತು ಅಂತ ಅರ್ಥ ಮಾಡ್ಕೋತಿದ್ದೆ. ಅದಕ್ಕೇ ಕೇಳ್ತಿದ್ದೆ.”

ಅದನ್ನು ದಾಟಿಸಲು ನನಗೆ ಆಗಲಿಲ್ಲ. ಮಾತು ತಿಳಿದಿತ್ತು, ಕನ್ನಡವೂ ಬಾಯಿಯಲ್ಲಿತ್ತು, ಅಳು ಬಂದುಬಿಟ್ಟಿತು. ಆ ಮನೆಯಲ್ಲಿ ನಾನು ನನ್ನ ಕೆಲಸ ಕೈಬಿಟ್ಟದ್ದು ಅದೊಂದೇ ಸಲ. ಹಿರಾನೋ ಸಾನ್ ನನ್ನ ತಲೆ ಸವರಿ, ನನ್ನ ಅಳು ನಿಲ್ಲುವವರೆಗೂ ಮೆಟ್ಟಿಲ ಮೇಲೆ ಕೂತರು. ಅಮ್ಮ ಕಾಫಿ ಮಾಡಿ ತಂದಳು, ಇಬ್ಬರೂ ಕುಡಿದರು. ಲೋಟ ಖಾಲಿಯಾದ ಮೇಲೆ ನಾನು ಆ ವಾಕ್ಯ ಹೇಳಿ ಮುಗಿಸಿದೆ. ಅಮ್ಮ ಎದ್ದು ಅವರ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದಳು. ಹಿರಾನೋ ಸಾನ್ ‘ಸಾಕು’ ಎಂದರು.

ಆ ಮೇಲೆ ಅವರು ಕ್ಯಾಲೆಂಡರ್ ಬಿಡಿಸಿದರು. ತತಾಮಿ ಹಾಕಿಸಬೇಕಂತೆ. ಮನೆ ಕೆಡವುತ್ತಾರಲ್ಲ ಎಂದು ಅಮ್ಮ ನನ್ನಿಂದ ಕೇಳಿಸಿದಳು. ಅದು ಗೊತ್ತು, ಎಂದರು ಹಿರಾನೋ ಸಾನ್. ಇಷ್ಟು ವರ್ಷ ಸಾಕಿದ ಮನೆಯನ್ನು ಹರಕು ಬಟ್ಟೆಯಲ್ಲಿ ಕಳಿಸಿಕೊಡಲು ಮನಸ್ಸಿಲ್ಲ; ಹೊಸ ಚಾಪೆಯ ಮೇಲೆ ಒಂದು ದಿನ ಕೂತು ಊಟ ಮಾಡಿ, ಆ ಮೇಲೆ ಬಾಗಿಲು ಹಾಕಿಕೊಳ್ಳುತ್ತೇನೆ ಎಂದರು. ಊರಿನ ಚಾಪೆಯವರು ಅಂಗಡಿ ಮುಚ್ಚುವ ಗಡಿಬಿಡಿಯಲ್ಲಿದ್ದಾರೆ, ಅವರಿಗೆ ಬಿಡುವಿರುವುದು ಮೇ ತಿಂಗಳಲ್ಲಿ ಒಂದೇ ದಿನ. ಅದು ನಾವು ಕಾವಾಸಾಕಿಗೆ ಹೊರಡುವ ಹಿಂದಿನ ದಿನವಾಗಿತ್ತು.

“ನನ್ನ ಕ್ಯಾಲೆಂಡರ್ ಅವತ್ತು ಬುತ್ಸುಮೆತ್ಸು ಅನ್ನುತ್ತೆ. ಇದಕ್ಕಿಂತ ಕೆಟ್ಟದ್ದಿಲ್ಲ. ನಿಮ್ಮದು ಏನನ್ನುತ್ತೆ?”

ಅಮ್ಮ ಅಡುಗೆಮನೆಗೆ ಹೋದಳು, ನಾನು ಹಿಂದೆಯೇ ಹೋದೆ. ಮಣೆ ಹತ್ತಿ, ಹಾಳೆಗಳನ್ನು ಎತ್ತಿ, ಮೇ ತಿಂಗಳ ಆ ದಿನದ ಮೇಲೆ ಬೆರಳಿಟ್ಟಳು. ನನಗೆ ಕನ್ನಡ ಅಕ್ಷರ ಕೂಡಿಸಿ ಓದಲು ಹೊತ್ತು ಬೇಕಾಗುತ್ತಿತ್ತು, ಆದರೆ ಆ ಚೌಕದೊಳಗೆ ಅಚ್ಚು ಹಾಕಿದ್ದ ಕಪ್ಪು ವೃತ್ತ ಏನೆಂದು ಓದದೆಯೂ ಗೊತ್ತಿತ್ತು. ಅಮ್ಮ ಹಾಳೆ ಬಿಟ್ಟು ಕೆಳಗಿಳಿದಳು. ಬಾಗಿಲಿಗೆ ಬಂದು, ಹಿರಾನೋ ಸಾನ್ ಮುಖ ನೋಡಿ, ನನಗೆ ಹೇಳಿದಳು:

“ತುಂಬಾ ಒಳ್ಳೆ ದಿನ ಅಂತ ಹೇಳು ಪುಟ್ಟಿ. ಇಡೀ ವರ್ಷದಲ್ಲಿ ಇಂಥ ದಿನ ಇನ್ನೊಂದಿಲ್ಲ ಅನ್ನು.”

ಹೇಳಿದೆ. ಮರುದಿನ ಡಬ್ಬಿಯಲ್ಲಿ ಹುಳಿಯವಲಕ್ಕಿ ಹೋಯಿತು.

ಮೇ ತಿಂಗಳ ಆ ಬೆಳಿಗ್ಗೆ ಚಾಪೆಯವರ ಪುಟ್ಟ ಲಾರಿ ಬಂತು. ಹಳೆಯ ತತಾಮಿಗಳು ಹೊರಗೆ ಬಂದವು, ಸಿಗರೇಟಿನ ಗುರುತಿದ್ದ ಮೂಲೆಯನ್ನು ಕತ್ತರಿಸಿ ಕೊಡಿ ಎಂದು ಹಿರಾನೋ ಸಾನ್ ಕೇಳಿ ತೆಗೆದುಕೊಂಡರು. ಹೊಸ ಚಾಪೆಯ ಹಸಿ ಹುಲ್ಲಿನ ವಾಸನೆ ನಮ್ಮ ಮನೆಯವರೆಗೂ ಬಂದು, ಊರಿನ ಕೋಸಿನ ವಾಸನೆ ಮೊದಲ ಸಲ ಮರೆಯಾಯಿತು. ನಮ್ಮ ಮನೆಯಲ್ಲಿ ಎಲ್ಲ ಪೆಟ್ಟಿಗೆ ಸೇರಿತ್ತು. ಓವನ್ ಖಾಲಿಯಾಗಿತ್ತು. ಅಮ್ಮ ಉಳಿಸಿಕೊಂಡಿದ್ದ ಒಂದು ಪಾತ್ರೆಯಲ್ಲಿ ಶಾವಿಗೆ ಪಾಯಸ ಮಾಡಿ, ಡಬ್ಬಿಗೆ ತುಂಬಿ, ಸೀತಮ್ಮ ಎಂಬ ಹೆಸರನ್ನು ಸೆರಗಿನಿಂದ ಒರೆಸುತ್ತಿದ್ದಳು. ಆ ಡಬ್ಬಿ ಮತ್ತೆ ನಮ್ಮಲ್ಲಿಗೆ ಬರಲಿಲ್ಲ, ಹಿಮ ಬೀಳುವ ಊರಿಗೆ ಹೋಯಿತು; ಈಗ ಸರದಿ ಅವರದು ಎಂದು ಅಮ್ಮ ಎಷ್ಟೋ ವರ್ಷ ಹೇಳುತ್ತಿದ್ದಳು. ಅಪ್ಪ ಗೋಡೆಯ ಮೇಲಿದ್ದ ಕೊನೆಯ ವಸ್ತುವನ್ನು, ಕ್ಯಾಲೆಂಡರನ್ನು, ಮೊಳೆಯಿಂದ ತೆಗೆಯುತ್ತಿದ್ದವನು ಹಾಗೇ ನಿಂತ.

“ವಸು, ಇವತ್ತು ಅಮಾವಾಸ್ಯೆ ಕಣೇ.”

“ಗೊತ್ತು.”

ಅಮ್ಮ ಅವನ ಕೈಯಿಂದ ಕ್ಯಾಲೆಂಡರ್ ತೆಗೆದುಕೊಂಡು, ಸುರುಳಿ ಸುತ್ತಿ, ಪೆಟ್ಟಿಗೆಯ ತಳಕ್ಕೆ ಸೇರಿಸಿದಳು. ಆ ಮೇಲೆ ಅಪ್ಪನನ್ನು ನೋಡಿದಳು, ನನ್ನನ್ನೂ ನೋಡಿದಳು.

“ಈ ಮಾತು ಮನೆ ಬಿಟ್ಟು ಆಚೆ ಹೋಗ್ಬಾರ್ದು,” ಎಂದಳು. ಡಬ್ಬಿ ಎತ್ತಿಕೊಂಡು, ನನ್ನ ಕೈ ಹಿಡಿದು, ಹಿರಾನೋ ಸಾನ್ ಮನೆಯ ಹೊಸ ಚಾಪೆಯ ಮೇಲೆ ಬಲಗಾಲಿಟ್ಟು ಒಳಗೆ ಹೋದಳು.